ಕೌದಿಯೊಳಗಿನ ಕೆಂಡ: ಚಳಿಗಾಲದ ಹಬ್ಬಗಳಲ್ಲಿ ಮನೆಗೆ ಬೆಂಕಿ ಬೀಳದಂತೆ ಏನೇನು ಮಾಡಬೇಕು

ವಿಜಯಪುರದ ನಮ್ಮ ಮನೆಯಲ್ಲಿ ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ಯಾರಿಗೂ ಪೂರ್ತಿ ನಿದ್ದೆ ಇರುವುದಿಲ್ಲ. ನಸುಕಿನಲ್ಲೇ ಎದ್ದು ಸಜ್ಜೆ ರೊಟ್ಟಿ ಬಡಿಯಬೇಕು, ಕಡುಬು ಬೇಯಿಸಬೇಕು, ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಅರ್ಪಿಸಲು, ಹೊಲಕ್ಕೆ ಹೊರಡಬೇಕು. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ರಾತ್ರಿ ನಮ್ಮ ಅತ್ತೆ ಚಳಿ ತಾಳದೆ ಇದ್ದಿಲು ಕೆಂಡದ ಶೇಗಡಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡಿದ್ದರು. ಬೆಳಿಗ್ಗೆ ಗಡಿಬಿಡಿಯಲ್ಲಿ ನಾನೇ ಅವರು ಹೊದೆದಿದ್ದ ಕೌದಿ ಮಡಚಿ ಗಾದಿಗಳ ಮೇಲೆ ಒಟ್ಟಿದೆ. ಅಂಚಿನಲ್ಲಿ ಜೋಳದ ಕಾಳಿನಷ್ಟು ಕಪ್ಪು ಕಲೆ ಕಂಡಿತ್ತು. ಹಳೆಯದಿರಬೇಕು ಅಂದುಕೊಂಡು ಕೀಲಿ ಹಾಕಿ ಹೊರಟೆವು. ಮಧ್ಯಾಹ್ನ ಉಂಡು ಕೈ ತೊಳೆಯುವ ಹೊತ್ತಿಗೆ ಪಕ್ಕದ ಮನೆಯವರ ಫೋನ್ ಬಂತು: "ಅಕ್ಕಾರ, ನಿಮ್ಮ ಬೆಳಕಿಂಡಿಯಿಂದ ಹೊಗಿ ಬರಾಕತ್ತದ. ಬಾಗಲಾ ಒಡಿಲೇನ್ರಿ?"

ಒಡೆದರು. ಒಳಗೆ ಜ್ವಾಲೆ ಇರಲಿಲ್ಲ, ಬರೀ ಹೊಗೆ. ಕೌದಿಯೂ ಅದರ ಕೆಳಗಿನ ಎರಡು ಗಾದಿಯೂ ಒಳಗೊಳಗೇ ಸುಟ್ಟಿದ್ದವು. ಅಂಗಳಕ್ಕೆ ಎಳೆದು ತಂದದ್ದೇ ತಡ, ಗಾಳಿ ತಾಗಿ ಭಗ್ ಅಂತ ಹೊತ್ತಿಕೊಂಡವು. ಇನ್ನಷ್ಟು ಹೊತ್ತು ಹೋಗಿದ್ದರೆ ಅದು ಮನೆಯೊಳಗೇ ಆಗುತ್ತಿತ್ತು. ಗಾದಿಗಳ ಮೇಲೆ ಕಟ್ಟಿಗೆಯ ಜಂತಿ, ಜಂತಿಯ ಮೇಲೆ ಮಾಳಿಗೆ.

ಹತ್ತಿಯ ಗುಣವೇ ಇದು. ಸಣ್ಣ ಕಿಡಿ ಸಿಕ್ಕರೆ ಸಾಕು, ಉರಿಯದೆ, ಬೆಳಕು ತೋರದೆ, ತಾಸುಗಟ್ಟಲೆ ಒಳಗೇ ಕನಲುತ್ತದೆ. ಗಾಳಿ ಸಿಕ್ಕ ಕ್ಷಣ ಜ್ವಾಲೆಯಾಗುತ್ತದೆ. ಅಂದಿನಿಂದ ಚಳಿಗಾಲದಲ್ಲಿ ಎರಡು ಹೊತ್ತಿಗೆ ನಾನು ಹೆಚ್ಚು ಅಂಜುತ್ತೇನೆ: ಎಲ್ಲರೂ ಮಲಗುವ ಹೊತ್ತು, ಎಲ್ಲರೂ ಮನೆ ಬಿಟ್ಟು ಹೊರಡುವ ಹೊತ್ತು. ಕಾರ್ತಿಕದ ದೀಪದಿಂದ ಹಿಡಿದು ಎಳ್ಳ ಅಮಾವಾಸ್ಯೆ, ಕ್ರಿಸ್‌ಮಸ್, ಸಂಕ್ರಾಂತಿ, ನಮ್ಮ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಸವದತ್ತಿಯ ಎಲ್ಲಮ್ಮ ಅಂತ ಈ ಎರಡು ಹೊತ್ತುಗಳು ಮತ್ತೆ ಮತ್ತೆ ಬರುತ್ತವೆ. ಹಬ್ಬದ ಕೆಲಸ ಸುರುವಾಗುವ ಮೊದಲು ಒಂದು ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಹಾಸಿಗೆಯಿಂದ ಹಿತ್ತಲವರೆಗೆ ಒಮ್ಮೆ ನೋಡುತ್ತ ಬನ್ನಿ. ಎಲ್ಲಿ ಏನು ನೋಡಬೇಕು ಅನ್ನುವುದು ಮುಂದಿದೆ.

ಮೊದಲ ಹೆಜ್ಜೆ: ಶೇಗಡಿ ಮತ್ತು ಹಾಸಿಗೆ

ಡಿಸೆಂಬರ್, ಜನವರಿಯ ರಾತ್ರಿ ನಮ್ಮ ಕಡೆ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ವಯಸ್ಸಾದವರಿಗೆ ಶೇಗಡಿ ಬೇಡ ಅಂದರೆ ಅವರು ಕೇಳುವುದಿಲ್ಲ, ಕೇಳಬೇಕೆನ್ನುವುದೂ ನ್ಯಾಯವಲ್ಲ. ಆದ್ದರಿಂದ ಅದಕ್ಕೊಂದು ಕಾಯಂ ಜಾಗ ಗೊತ್ತುಮಾಡಿ. ಬರೀ ಕಲ್ಲುಹಾಸಿನ ನೆಲ, ಸುತ್ತ ಮೂರು ಅಡಿ ಏನೂ ಇರಬಾರದು. ಅಳತೆ ಪಟ್ಟಿ ಬೇಕಿಲ್ಲ: ನಿದ್ದೆಯಲ್ಲಿ ಹೊರಳಿದರೆ ಕೌದಿಯ ತುದಿ ಎಲ್ಲಿಯವರೆಗೆ ಬರುತ್ತದೋ ಅದಕ್ಕಿಂತ ಒಂದು ಹೆಜ್ಜೆ ಆಚೆ. ಹಳೆಯ ಪರಾತದಲ್ಲಿ ಎರಡು ಬೆರಳಷ್ಟು ಉಸುಕು ಹಾಕಿ ಅದರ ನಡುವೆ ಶೇಗಡಿ ಇಟ್ಟರೆ ಸಿಡಿದ ಕಿಡಿ ಉಸುಕಿನಲ್ಲೇ ಸಾಯುತ್ತದೆ, ಎಡವಿದರೂ ಕೆಂಡ ದೂರ ಉರುಳುವುದಿಲ್ಲ.

ಶೇಗಡಿಯ ಇನ್ನೊಂದು ಅಪಾಯ ಬೆಂಕಿಗಿಂತ ಸದ್ದಿಲ್ಲದ್ದು. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ನಿಂತು ಕೆಂಡ ಕೆಂಪಗೆ ಚೊಕ್ಕವಾಗಿ ಹೊಳೆಯುವಾಗಲೂ ಅದು ಬರುತ್ತಲೇ ಇರುತ್ತದೆ. ಬಾಗಿಲು, ಬೆಳಕಿಂಡಿ ಮುಚ್ಚಿದ ಕೋಣೆಯಲ್ಲಿ ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಮಲಗಿದವರು ಏಳುವುದೇ ಇಲ್ಲ. "ಹೊರಗ ಹೊತ್ತಿಸಿ ಹೊಗಿ ಹೋದಮ್ಯಾಲ ಒಳಗ ತರ್ತೀವಿ, ಏನೂ ಆಗಂಗಿಲ್ಲ" ಅನ್ನುವ ಮಾತನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಅದು ತಪ್ಪು. ಬಾಗಿಲು ತೆರೆದ ಪಡಸಾಲೆಯಲ್ಲಿ ಎಲ್ಲರೂ ಕೂತು ಕಾಯಿಸಿಕೊಳ್ಳಿ, ಮಾತಾಡಿ, ಶೇಂಗಾ ಹುರಿದು ತಿನ್ನಿ. ಮಲಗುವ ಮುಂಚೆ ಶೇಗಡಿ ಅಂಗಳಕ್ಕೆ ಹೋಗಲೇಬೇಕು. ರಾತ್ರಿಯ ಬೆಚ್ಚಗೆಗೆ ಬಿಸಿನೀರಿನ ರಬ್ಬರ್ ಚೀಲ, ಉಲ್ಲನ್ ಕಾಲುಚೀಲ, ಇನ್ನೊಂದು ಸೊಲ್ಲಾಪುರ ಚಾದರ ಕೊಡಿ. ನಮ್ಮ ಅತ್ತೆ ಎರಡು ದಿನ ಸಿಟ್ಟು ಮಾಡಿದರು, ಮೂರನೆಯ ದಿನ ಚೀಲಕ್ಕೆ ಬಿಸಿನೀರು ತಾವೇ ಕೇಳಿ ಹಾಕಿಸಿಕೊಂಡರು.

ಬೂದಿಯನ್ನು ನಂಬಬೇಡಿ. ಮೇಲೆ ತಣ್ಣಗಿದ್ದರೂ ಅಡಿಯಲ್ಲಿ ಮರುದಿನದವರೆಗೂ ಕೆಂಡ ಬದುಕಿರುತ್ತದೆ. ಪ್ಲಾಸ್ಟಿಕ್ ಬುಟ್ಟಿಗೆ, ರಟ್ಟಿನ ಡಬ್ಬಿಗೆ, ಕಸದ ಗುಂಡಿಗೆ ನೇರ ಸುರಿಯದೆ, ತಗಡಿನ ಬಕೆಟ್ಟಿನಲ್ಲಿ ಹಾಕಿ ನೀರು ಚಿಮುಕಿಸಿ, ಕಡ್ಡಿಯಿಂದ ಕೆದರಿ, ಮತ್ತೆ ನೀರು ಹಾಕಿ.

ಕೌದಿ, ಗಾದಿ, ದಿಂಬಿನ ಮೇಲೆ ಹೊಸ ಸುಟ್ಟ ಕಲೆ ಕಂಡರೆ ಒಂದು ತಂಬಿಗೆ ನೀರು ಸುರಿದು ಸುಮ್ಮನಾಗಬೇಡಿ. ಕೌದಿ ಅಂದರೆ ಹಳೆಯ ಸೀರೆಗಳ ಏಳೆಂಟು ಪದರ. ನೀರು ಮೇಲಿನ ಪದರದಲ್ಲೇ ನಿಲ್ಲುತ್ತದೆ, ಕಿಡಿ ನಡುವಿನಲ್ಲಿ ಕೂತಿರುತ್ತದೆ. ಹೊರಗೆ ಒಯ್ದು ಪೂರ್ತಿ ತೊಯ್ಯಿಸಿ. ಗಾದಿಯಾದರೆ ಹೊಲಿಗೆ ಬಿಚ್ಚಿ ಹತ್ತಿ ಹೊರಗೆಳೆದು ನೆನೆಸಿ. ಆ ದಿನ, ಆ ರಾತ್ರಿ ಅದು ಮನೆಯೊಳಗೆ ಬರಬಾರದು. ಪಾಲಿಯೆಸ್ಟರ್ ರಗ್ಗುಗಳದ್ದು ಬೇರೆ ಕತೆ: ಅವು ಕನಲುವುದಿಲ್ಲ, ಕರಗಿ ಉರಿದು ಮೈಗೆ ಅಂಟಿಕೊಳ್ಳುತ್ತವೆ. ಬೆಂಕಿಯ ಹತ್ತಿರ ಕೂರುವ ಮುದುಕರಿಗೂ ಮಕ್ಕಳಿಗೂ ನೈಲಾನ್ ಶಾಲು, ಜೋಲುವ ಸೆರಗು ಬೇಡ.

ಸೊಳ್ಳೆ ಬತ್ತಿ ಏಳೆಂಟು ತಾಸು ಉರಿಯುವ ಕೆಂಡವೇ. ಅದನ್ನು ಮಂಚದ ಕೆಳಗೆ ಇಡದೆ, ತಗಡಿನ ತಟ್ಟೆಯಲ್ಲಿ, ಬರೀ ನೆಲದ ಮೇಲೆ, ಹಾಸಿಗೆಯಿಂದ ದೂರ ಇಡಿ. ಕರೆಂಟಿನ ಹೀಟರ್‌ಗೂ ಮೂರಡಿಯ ಲೆಕ್ಕವೇ. ಅದರ ಮೇಲೆ ಮಕ್ಕಳ ಒದ್ದೆ ಬಟ್ಟೆ ಹರವಬೇಡಿ. ಕೋಣೆ ಬೆಚ್ಚಗಾದ ಮೇಲೆ ಆರಿಸಿ ಮಲಗಿ.

ಎರಡನೆಯದು: ಬಚ್ಚಲಿನ ಬಿಸಿನೀರು

ಹಂಡೆಯ ಒಲೆಯಲ್ಲಿ ತಪ್ಪಾಗುವುದು ಒಲೆಯ ಹೊರಗೆ. ಉದ್ದದ ಕಟ್ಟಿಗೆಯ ಅರ್ಧ ಒಳಗೆ, ಅರ್ಧ ಹೊರಗೆ. ಪಕ್ಕದಲ್ಲೇ ನಾಳೆಯ ಕುಳ್ಳು, ತೊಗರಿ ಕಟ್ಟಿಗೆ, ಹೊತ್ತಿಸಲು ಹಳೆಯ ಪೇಪರು. ಒಳಗಿನದು ಸುಟ್ಟಂತೆ ಹೊರಗಿನ ತುಂಡು ಜಾರಿ ಕೆಳಗೆ ಬೀಳುತ್ತದೆ, ಪಕ್ಕದ್ದಕ್ಕೆ ಹತ್ತುತ್ತದೆ. ಕಟ್ಟಿಗೆ ಗಿಡ್ಡಗೆ ಕಡಿದು ಪೂರ್ತಿ ಒಳಗೆ ಹೋಗುವಂತೆ ಇಡಿ. ಆ ಹೊತ್ತಿಗೆ ಬೇಕಾದಷ್ಟು ಮಾತ್ರ ಒಲೆಯ ಬಳಿ ಇರಲಿ, ಮಿಕ್ಕಿದ್ದು ಗೋಡೆಯ ಆಚೆ. ಸೀಮೆಎಣ್ಣೆ, ಪೆಟ್ರೋಲ್ ಸುರಿದು ಹೊತ್ತಿಸುವ ಕೆಲಸ ಯಾರೂ ಯಾವತ್ತೂ ಮಾಡಬಾರದು.

ನೀರು ಕಾಯಿಸುವ ರಾಡ್ ಬಗ್ಗೆ ನನಗೆ ಹೆಚ್ಚು ಕಾಳಜಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಬಾಡಿಗೆ ಕೋಣೆಯ ಹುಡುಗರಿಂದ ಹಿಡಿದು ದೊಡ್ಡ ಮನೆಗಳವರೆಗೆ ಅದೇ ಆಧಾರ. ಅದು ನೀರಿನಲ್ಲಿ ಮುಳುಗಿರುವಾಗ ನೀರೇ ಅದನ್ನು ತಣ್ಣಗಿಡುತ್ತದೆ. ನೀರಿಲ್ಲದೆ ಹೊತ್ತಿದರೆ ನಿಮಿಷಗಳಲ್ಲಿ ಕೆಂಪಗೆ ಕಾಯುತ್ತದೆ. ಈಗ ಒಂದು ಬೆಳಗಿನ ಮಾತು ಹೇಳುತ್ತೇನೆ, ನೀವೂ ಕಂಡಿರುತ್ತೀರಿ: ರಾಡ್ ಹಾಕಿದ್ದೀರಿ, ಕರೆಂಟ್ ಹೋಯಿತು, ಉಗುರು ಬೆಚ್ಚಗಿನ ನೀರಲ್ಲೇ ಸ್ನಾನ ಮಾಡಿದಿರಿ. ರಾಡನ್ನು ಖಾಲಿ ಬಕೆಟ್ಟಿನಲ್ಲೋ ಬಟ್ಟೆಯ ಮೇಲೋ ಇಟ್ಟು ಕೆಲಸಕ್ಕೆ ಹೋದಿರಿ. ಸ್ವಿಚ್ ಹಾಕಿದ್ದು ಹಾಕಿದಂತೆಯೇ ಇದೆ. ಹನ್ನೊಂದು ಗಂಟೆಗೆ ಕರೆಂಟ್ ಬಂತು. ಇಸ್ತ್ರಿ ಪೆಟ್ಟಿಗೆಗೂ ಇದೇ ಆಗುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಒಂದೇ ನಿಯಮ: ಕರೆಂಟ್ ಹೋದ ಕೂಡಲೇ ಕಾಯುವ ಸಾಮಾನಿನ ಸ್ವಿಚ್ ಆರಿಸಿ, ಪ್ಲಗ್ ಹೊರಗೆ ಕೀಳಬೇಕು. ಬರೀ ಸ್ವಿಚ್ ಸಾಲದು. ಆರಿದೆಯೋ ಇಲ್ಲವೋ ಅನ್ನುವುದು ಕತ್ತಲೆಯಲ್ಲಿ ಮರೆಯುತ್ತದೆ, ಕಿತ್ತ ಪ್ಲಗ್ ಕಣ್ಣಿಗೆ ಕಾಣುತ್ತದೆ.

ರಾಡಿನ ಮೇಲಿನ ಗುರುತಿನವರೆಗೆ ನೀರು ತುಂಬಿ. ಬಕೆಟ್ಟಿನ ಬಾಯಿಗೆ ಅಡ್ಡ ಕಟ್ಟಿಗೆ ಇಟ್ಟು ಅದಕ್ಕೆ ತೂಗುಹಾಕಿ, ಪ್ಲಾಸ್ಟಿಕ್ಕಿನ ಗೋಡೆಗೆ, ತಳಕ್ಕೆ ತಾಗಕೂಡದು. ಲೋಹದ ಬಕೆಟ್ ಶಾಕ್ ಕೊಡಬಹುದು, ಬಳಸಬೇಡಿ. ನೀರು ಕಾದಿದೆಯೇ ಅಂತ ಬೆರಳದ್ದುವ ಮೊದಲು ಪ್ಲಗ್ ಕೀಳಿ. ರಾಡ್ ಹಾಕಿ ಅಂಗಡಿಗೆ ಹಾಲು ತರಲು ಹೋಗುವುದು ಬೇಡ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಬೇಕು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಶೇಗಡಿಯ ಆ ವಿಷಾನಿಲವೇ ಇಲ್ಲೂ ತುಂಬುತ್ತದೆ.

ಮೂರನೆಯದು: ಗೋಡೆಯೊಳಗಿನ ತಂತಿ

ಇಲ್ಲಿ ಸ್ವಲ್ಪ ಲೆಕ್ಕ. 1500 ವ್ಯಾಟಿನ ರಾಡ್ 230 ವೋಲ್ಟಿನಲ್ಲಿ ಸುಮಾರು 6.5 ಆಂಪ್ ಎಳೆಯುತ್ತದೆ. 2000 ವ್ಯಾಟಿನ ಹೀಟರ್ 8.7 ಆಂಪ್. ಫ್ಯಾನು, ಮೊಬೈಲಿಗೆ ಇರುವ ಸಣ್ಣ ಪ್ಲಗ್ಗಿನ ತಾಕತ್ತು 6 ಆಂಪ್ ಮಾತ್ರ. ಅಂದರೆ ಒಂದು ರಾಡೇ ಅದಕ್ಕೆ ಹೆಚ್ಚು. ರಾಡ್, ಹೀಟರ್, ಗೀಸರ್, ಇಸ್ತ್ರಿ ಇವೆಲ್ಲ ದೊಡ್ಡ ಮೂರು ಕಡ್ಡಿಯ 16 ಆಂಪ್ ಪ್ಲಗ್ಗಿನಲ್ಲೇ, ಒಂದು ಸಲಕ್ಕೆ ಒಂದೇ. ರಾಡ್ ಮತ್ತು ಹೀಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ 15 ಆಂಪ್ ದಾಟುತ್ತದೆ. ತೆಳು ತಂತಿ ಗಾದಿಯ ಕೆಳಗೋ ಬಾಗಿಲ ಸಂದಿಯಲ್ಲೋ ಬಿಸಿಯಾಗುತ್ತ ಹೋಗುತ್ತದೆ.

ಪರೀಕ್ಷೆ ಸರಳ. ಕಾಲು ತಾಸು ರಾಡ್ ಓಡಿಸಿ, ಆರಿಸಿ, ಪ್ಲಗ್ ಕಿತ್ತು ಅದರ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಹಿಡಿಯಲಾರದಷ್ಟು ಬಿಸಿಯಿದ್ದರೆ, ಪ್ಲಗ್ಗಿನ ತೂತಿನ ಸುತ್ತ ಕಂದು ಕಲೆ ಇದ್ದರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಒಳಗಿನ ಜೋಡಣೆ ಸಡಿಲಾಗಿದೆ ಅಂತ ಅರ್ಥ. ಆ ಪ್ಲಗ್ ಅಂದೇ ಬಂದ್ ಮಾಡಿ ವೈರ್‌ಮನ್ ಕರೆಸಿ.

ಅವರು ಬಂದಾಗ ಎರಡು ಮಾತು ಕೇಳಿ. ಹಳೆಯ ಪಿಂಗಾಣಿ ಫ್ಯೂಜು ಇದ್ದರೆ ಅದರಲ್ಲಿ ಯಾವ ತಂತಿ ಕಟ್ಟಿದ್ದಾರೆ ಅಂತ ತೆಗೆದು ತೋರಿಸಲು ಹೇಳಿ. ಮೇಲಿಂದ ಮೇಲೆ ಹೋಗುತ್ತದೆ ಅಂತ ದಪ್ಪ ತಾಮ್ರದ ತಂತಿ ಕಟ್ಟಿದ ಮನೆಗಳು ಬಹಳ. ಫ್ಯೂಜು ಕರಗುವುದೇ ಅದರ ಕೆಲಸ. ಅದು ಕರಗದಿದ್ದರೆ ಗೋಡೆಯೊಳಗಿನ ತಂತಿ ಸುಡುತ್ತದೆ. ಎರಡನೆಯ ಮಾತು: ಎಂಸಿಬಿ ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ? ಎಂಸಿಬಿ ಹೆಚ್ಚು ಲೋಡನ್ನೂ ಶಾರ್ಟನ್ನೂ ತಡೆಯುತ್ತದೆ. ಮೈಗೆ, ಗೋಡೆಗೆ ಸೋರುವ ಕರೆಂಟನ್ನು ಗುರುತಿಸಿ ಕತ್ತರಿಸುವುದು ಆರ್‌ಸಿಸಿಬಿ. ಸಂಕ್ರಾಂತಿಯ ಸೀರೆಗೆ ಕೊಡುವ ಹಣದಲ್ಲಿ ಒಂದು ಭಾಗ ಈ ವರ್ಷ ಇದಕ್ಕೆ ಹೋಗಲಿ ಅಂತ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇಲೆಕ್ಟ್ರಿಕ್ ಸ್ಕೂಟರನ್ನು ತಲಬಾಗಿಲಲ್ಲಿ, ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿ ಮಲಗಬೇಡಿ. ಅದರ ಬ್ಯಾಟರಿಗೆ ಬೆಂಕಿ ಹತ್ತಿದರೆ ಹೊರಗೆ ಹೋಗುವ ದಾರಿಯೇ ಬಂದ್. ಅದರದೇ ಚಾರ್ಜರ್ ಬಳಸಿ, ಕಣ್ಣೆದುರಿಗೆ ಇರುವಾಗ ಚಾರ್ಜ್ ಮಾಡಿ. ಮೊಬೈಲನ್ನು ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದೂ ಬೇಡ.

ನಾಲ್ಕನೆಯದು: ಗ್ಯಾಸು ಮತ್ತು ಎಣ್ಣೆ ಬಾಣಲೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಡುಗೆಮನೆ ಒಳಗಿನ ಕೋಣೆ. ಬೇಸಿಗೆಯಲ್ಲಿ ಬಾಗಿಲು ತೆರೆದಿರುತ್ತದೆ, ಚಳಿಗೆ ಎಲ್ಲ ಮುಚ್ಚುತ್ತೇವೆ. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೆ ಹೋಗದೆ ನೀರಿನಂತೆ ನೆಲದ ಮೇಲೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಮಾಳಿಗೆಯ ಬೆಳಕಿಂಡಿ ತೆರೆದರೆ ಸಾಕು ಅನ್ನುವುದು ಹಾಗಾಗಿ ಸರಿಯಲ್ಲ, ಬಾಗಿಲು ತೆರೆಯಬೇಕು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ನಸುಕಿನಲ್ಲಿ ವಾಸನೆ ಬಂದರೆ ಲೈಟ್ ಹಾಕಬೇಡಿ, ಹಾಕಿದ್ದರೆ ಆರಿಸಲೂ ಬೇಡಿ. ಎರಡರಲ್ಲೂ ಸ್ವಿಚ್ಚಿನೊಳಗೆ ಕಿಡಿ ಹಾರುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ದೇವರ ದೀಪ ಉರಿಯುತ್ತಿದ್ದರೆ ಆ ಕಡೆ ಹೋಗದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ. ಫೋನ್ ಹೊರಗೆ ನಿಂತು ಮಾಡಿ. ಗ್ಯಾಸ್ ಸೋರಿಕೆಗೆ 1906 ಎಂಬ ಸಹಾಯವಾಣಿ ಇದೆ.

ಹಬ್ಬದ ಮೊದಲೇ ಮೂರು ಕೆಲಸ. ಸಬಕಾರದ ನೀರು ಕಲಸಿ ರೆಗ್ಯುಲೇಟರ್ ಮತ್ತು ಪೈಪಿನ ಕೂಡುಗಳಿಗೆ ಸವರಿ, ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ನೋಡುವುದು ಎಂದೂ ಬೇಡ. ಪೈಪಿನ ಮೇಲಿನ ದಿನಾಂಕ ಓದಿ. ಐಎಸ್‌ಐ ಗುರುತಿನ ಸುರಕ್ಷಾ ಪೈಪಿನ ಆಯುಷ್ಯ 5 ವರ್ಷ, ನಡುವೆ ಇಲಿ ಕಡಿದಿದ್ದರೆ ಅಂದೇ ಬದಲಿಸಿ. ಸಿಲಿಂಡರಿನ ಮೇಲ್ಗಡೆಯ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು ಮತ್ತು ವರ್ಷದ ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಅವಧಿ ದಾಟಿದ್ದರೆ ತಂದವರಿಗೇ ಮರಳಿಸಿ.

ಚಳಿಗೆ ಗ್ಯಾಸು ಮಂದವಾಗುತ್ತದೆ. ಆಗ ಸಿಲಿಂಡರ್ ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು, ಅದರ ಬುಡಕ್ಕೆ ಕೆಂಡ ಇಡುವುದು ನಡೆದೇ ಇದೆ. ಮಲಗಿಸಿದರೆ ಅನಿಲದ ಬದಲು ದ್ರವವೇ ಪೈಪಿಗೆ ಬರುತ್ತದೆ. ಆ ದ್ರವ ಹೊರಗೆ ಬಂದರೆ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ, ಒಲೆಯಲ್ಲಿ ಆಳೆತ್ತರ ಉರಿ ಏಳಬಹುದು. ಸಿಲಿಂಡರ್ ಯಾವಾಗಲೂ ನೆಟ್ಟಗೆ, ಒಲೆಗಿಂತ ತಗ್ಗಿನಲ್ಲಿ ಇರಬೇಕು. ಮಂದವಾದರೆ ಹೊಸದು ಜೋಡಿಸಿ.

ಇನ್ನು ಎಣ್ಣೆ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಹಂಚಿನ ಮೇಲೆ ಬೇಯುತ್ತವೆ, ಅಷ್ಟು ಚಿಂತೆಯಿಲ್ಲ. ಕರಿಗಡಬು, ಚಕ್ಕಲಿಗೆ ಬಾಣಲೆ ತುಂಬ ಎಣ್ಣೆ ಬೇಕು. ಎಣ್ಣೆ ಮೊದಲು ಸಣ್ಣಗೆ ಹೊಗೆಯಾಡುತ್ತದೆ. ಅದೇ ಎಚ್ಚರಿಕೆ, ಉರಿ ತಗ್ಗಿಸಿ. ಹಾಗೇ ಬಿಟ್ಟು ಬಾಗಿಲಿಗೆ ಬಂದವರಿಗೆ ಎಳ್ಳುಬೆಲ್ಲ ಕೊಡಲು ಹೋದರೆ, ಸುಮಾರು 350 ಡಿಗ್ರಿಯ ಹತ್ತಿರ ಅದು ಯಾರೂ ಹೊತ್ತಿಸದೆ ತಾನೇ ಹೊತ್ತಿಕೊಳ್ಳುತ್ತದೆ. ಹೊತ್ತಿದ ಎಣ್ಣೆಗೆ ಒಂದು ಹನಿ ನೀರೂ ಬೇಡ. ನೀರು ಅಡಿಗಿಳಿದು ಕ್ಷಣದಲ್ಲಿ ಸುಮಾರು 1700 ಪಟ್ಟು ಹಿಗ್ಗಿ ಹಬೆಯಾಗಿ, ಉರಿಯುವ ಎಣ್ಣೆಯನ್ನು ಮಾಳಿಗೆಯವರೆಗೆ ಎರಚುತ್ತದೆ. ಗ್ಯಾಸ್ ಆರಿಸಿ, ಬಾಣಲೆ ಮುಚ್ಚುವಷ್ಟು ದೊಡ್ಡ ಪರಾತವನ್ನು ನಿಮ್ಮ ಕಡೆಯಿಂದ ಜಾರಿಸುತ್ತ ಮುಚ್ಚಿ. ಮುಚ್ಚಿದ್ದನ್ನು ಪೂರ್ತಿ ತಣ್ಣಗಾಗುವವರೆಗೆ ತೆಗೆದು ನೋಡಬೇಡಿ. ಬಾಣಲೆ ಎತ್ತಿ ಅಂಗಳಕ್ಕೆ ಓಡಲೂ ಬೇಡಿ. ಕೈ ಸುಟ್ಟು ಕೈಬಿಟ್ಟರೆ ಬೆಂಕಿ ನೆಲದ ತುಂಬ. ಕರಿಯಲು ಸುರುಮಾಡುವ ಮೊದಲೇ ಆ ಪರಾತವನ್ನು ಒಲೆಯ ಪಕ್ಕ ತಂದಿಟ್ಟುಕೊಳ್ಳಿ.

ಐದನೆಯದು: ದೀಪ, ನಕ್ಷತ್ರ, ಓಲ್ಡ್ ಮ್ಯಾನ್

ದೇವರ ಜಗಲಿಯ ದೀಪ ಆರಿಸಬಾರದು ಅನ್ನುವ ನಂಬಿಕೆಗೆ ನಾನು ಎದುರು ಮಾತಾಡುವುದಿಲ್ಲ. ರಾತ್ರಿಯಿಡೀ ಉರಿಯಬೇಕಾದರೆ ಗಾಜಿನ ಬುರುಡೆಯೊಳಗಿನ ನಂದಾದೀಪ ಇರಲಿ, ಕೆಳಗೆ ನೀರು ಹಾಕಿದ ಹಿತ್ತಾಳೆ ತಟ್ಟೆ ಇರಲಿ. ತೆರೆದ ಹಣತೆಯ ತುಪ್ಪದ ಬತ್ತಿಯನ್ನು ಇಲಿ ಎಳೆದೊಯ್ಯುತ್ತದೆ, ಉರಿಯುತ್ತಿದ್ದರೂ ಬಿಡುವುದಿಲ್ಲ. ಜಗಲಿಯ ಪರದೆ, ಪ್ಲಾಸ್ಟಿಕ್ ಹೂವಿನ ಮಾಲೆ, ಎಣ್ಣೆ ಜಿಡ್ಡಿನ ಗೋಡೆ ದೀಪದಿಂದ ದೂರವಿರಲಿ. ಊದಿನಕಡ್ಡಿಯ ತುದಿ ಉದುರುವ ಜಾಗದಲ್ಲಿ ಬಟ್ಟೆ ಬೇಡ.

ಕ್ರಿಸ್‌ಮಸ್ ನಕ್ಷತ್ರಕ್ಕೆ ಎಲ್‌ಇಡಿ ಬಲ್ಬೇ ಇರಲಿ, ಕಾಗದದೊಳಗೆ ಹಳೆಯ ಬಿಸಿ ಬಲ್ಬು ಬೇಡ. ಗೋದಲಿಯ ಒಣ ಹುಲ್ಲಿನ ಹತ್ತಿರ ಮೇಣದಬತ್ತಿ ಬೇಡ. ಲೈಟಿನ ಸರಕ್ಕೆ ಟೇಪ್ ಸುತ್ತಿದ ಕೂಡುಗಳಿದ್ದರೆ ಈ ವರ್ಷ ಹೊಸದು ತನ್ನಿ.

ಬೆಳಗಾವಿಯ ಕ್ಯಾಂಪ್ ಕಡೆಯವರಿಗೆ ಡಿಸೆಂಬರ್ 31 ಅಂದರೆ ಓಲ್ಡ್ ಮ್ಯಾನ್ ಸುಡುವ ರಾತ್ರಿ. ಹಳೆಯ ಅಂಗಿ ಪ್ಯಾಂಟಿನಲ್ಲಿ ಹುಲ್ಲು, ಕಾಗದ, ಪಟಾಕಿ ತುಂಬಿದ ಆ ಆಳೆತ್ತರದ ಗೊಂಬೆ ಓಣಿಯ ನಡುವೆ ನಿಂತರೆ ಮಕ್ಕಳಿಗೆ ಸಂಭ್ರಮ, ಮೇಲಿನ ವಿದ್ಯುತ್ ತಂತಿಗೂ ಪಕ್ಕದ ಬೈಕುಗಳಿಗೂ ಕಷ್ಟ. ಬಯಲಿಗೆ ಒಯ್ಯಿರಿ. ಪೆಟ್ರೋಲ್ ಸುರಿಯಬೇಡಿ, ಎರಡು ಬಕೆಟ್ ನೀರು, ಒಂದು ಬುಟ್ಟಿ ಉಸುಕು ಮೊದಲೇ ಇಟ್ಟುಕೊಳ್ಳಿ. ಸುಟ್ಟ ಮೇಲೆ ಬೂದಿಗೆ ನೀರು ಹಾಕಿ ಕೆದರಿ, ಸಿಡಿಯದೆ ಉಳಿದ ಪಟಾಕಿಯನ್ನು ಹುಡುಗರು ಬೆಳಿಗ್ಗೆ ಹೆಕ್ಕುತ್ತಾರೆ. ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವುದನ್ನು ನೋಡಲು ಹೋಗುವ ಮೊದಲು ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ, ಕಟ್ಟಿಗೆ ಒಳಗೆ ತನ್ನಿ.

ಆರನೆಯದು: ಹಿತ್ತಲು, ಹೊಲದ ಮನೆ, ಮಗ್ಗದ ಮನೆ

ಜೋಳದ ಕಣಕಿ, ತೊಗರಿ ಕಟ್ಟಿಗೆ, ಹೊಟ್ಟು ಮನೆಯ ಹಿಂದಿನ ಗೋಡೆಗೆ ಒರಗಿ ನಿಲ್ಲುವ ಕಾಲ ಇದು. ಬಣವೆ ಮನೆಗೂ ದನದ ಕೊಟ್ಟಿಗೆಗೂ ಎಷ್ಟು ದೂರವೋ ಅಷ್ಟು ಒಳ್ಳೆಯದು. ಜಾಗವಿದ್ದರೆ 50 ಅಡಿಗೆ ಕಡಿಮೆ ಬೇಡ. ಕರೆಂಟ್ ತಂತಿಯ ಕೆಳಗಂತೂ ಬೇಡವೇ ಬೇಡ. ಗಾಳಿಗೆ ಜೋತ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರುತ್ತವೆ. ತಂತಿ ಜೋತಿದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ತಿಳಿಸಿ. ಒಂದೇ ದೊಡ್ಡದರ ಬದಲು ನಡುವೆ ಜಾಗ ಬಿಟ್ಟು ಎರಡು ಸಣ್ಣ ಬಣವೆ ಒಟ್ಟಿದರೆ ಒಂದಾದರೂ ಉಳಿಯುತ್ತದೆ. ಹಸಿ ಮೇವು ಒತ್ತಿ ಒಟ್ಟಿದರೆ ಅದು ಒಳಗೇ ಕುದ್ದು ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲದು. ಸಂಶಯ ಬಂದರೆ ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ ನೋಡಿ. ರೇಟು ಬರಲಿ ಅಂತ ಬಿಡಿಸಿದ ಹತ್ತಿಯನ್ನು ಮಲಗುವ ಕೋಣೆಯಲ್ಲಿ ತುಂಬಿಟ್ಟಿದ್ದರೆ ಆ ಕೋಣೆಗೆ ಬೀಡಿ, ಊದಿನಕಡ್ಡಿ, ಸೊಳ್ಳೆ ಬತ್ತಿ ಯಾವುದೂ ಹೋಗಬಾರದು. ನಮ್ಮ ಕೌದಿಯ ಕತೆ ಅಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ನಡೆಯುತ್ತದೆ.

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಬೆಳಗಾವಿಯ ವಡಗಾವಿ ಕಡೆ ಮಗ್ಗ ಇರುವುದು ಮನೆಯಲ್ಲೇ. ವಿದ್ಯುತ್ ಮಗ್ಗದ ಮೋಟಾರಿನ ಮೇಲೆ, ಸ್ವಿಚ್ಚಿನ ಸಂದಿಯಲ್ಲಿ ನೂಲಿನ ಧೂಳು ಕೂರುತ್ತದೆ. ಬಿಸಿಗೆ ಅದೇ ಮೊದಲು ಹೊತ್ತುವುದು. ಕರೆಂಟ್ ಆರಿಸಿ ದಿನಾ ಬ್ರಷ್ ಹೊಡೆಯಿರಿ. ಮಗ್ಗದ ಕೋಣೆಗೆ ಶೇಗಡಿ ಬೇಡ.

ಏಳನೆಯದು: ಬೆಂಕಿ ಹತ್ತಿಯೇ ಬಿಟ್ಟರೆ

ಮೊದಲು ಮಂದಿ, ಆಮೇಲೆ ಸಾಮಾನು. ಬೆಂಕಿ ಬಕೆಟ್ಟಿನಷ್ಟಿದ್ದು ನಿಮ್ಮ ಬೆನ್ನಿಗೆ ಬಾಗಿಲು ತೆರೆದಿದ್ದರೆ ಮಾತ್ರ ಆರಿಸಲು ನಿಲ್ಲಿ. ಮೇನ್ ಸ್ವಿಚ್ ಆರಿಸುವವರೆಗೆ ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ, ಉಸುಕು ಹಾಕಿ. ಕೊಳ್ಳುವ ಶಕ್ತಿಯಿದ್ದರೆ ಐಎಸ್‌ಐ ಗುರುತಿನ ಎಬಿಸಿ ಪೌಡರಿನ 2 ಕಿಲೋ ನಂದಿಸುವ ಸಿಲಿಂಡರ್ ತಂದು ಬಾಗಿಲ ಹತ್ತಿರ ತೂಗುಹಾಕಿ: ಪಿನ್ ಎಳೆಯಿರಿ, ನಳಿಕೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿ ಒತ್ತಿ, ಅತ್ತಿತ್ತ ಆಡಿಸಿ. ಅದು ಕೆಲವೇ ಸೆಕೆಂಡು ಬರುತ್ತದೆ. ಮುಳ್ಳು ಹಸಿರಿನಲ್ಲಿದೆಯೇ ಅಂತ ತಿಂಗಳಿಗೊಮ್ಮೆ ನೋಡಿ.

ಹೊಗೆಯಲ್ಲಿ ನಿಂತು ನಡೆಯಬೇಡಿ, ನೆಲದ ಹತ್ತಿರ ಗಾಳಿ ಉಳಿದಿರುತ್ತದೆ, ಅಂಬೆಗಾಲಲ್ಲಿ ಹೋಗಿ. ಬಿಟ್ಟು ಬಂದ ಕೋಣೆಯ ಬಾಗಿಲು ಎಳೆದುಕೊಳ್ಳಿ. ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ. ಓಣಿಯ ಹೆಸರು, ಗುರುತಿನ ಗುಡಿ ಅಥವಾ ಅಂಗಡಿ, ಒಳಗೆ ಸಿಲಿಂಡರ್ ಇದೆಯೋ, ಯಾರಾದರೂ ಉಳಿದಿದ್ದಾರೋ ಹೇಳಿ. ಒಬ್ಬರು ಓಣಿಯ ಬಾಯಿಗೆ ಓಡಿ ಬೈಕು, ಗಾಡಿ ಸರಿಸಿ ಅಗ್ನಿಶಾಮಕ ವಾಹನಕ್ಕೆ ಕೈ ಮಾಡಲಿ. ಹೊರಬಂದವರು ಮತ್ತೆ ಒಳಗೆ ಹೋಗಬಾರದು, ಬಂಗಾರಕ್ಕೂ ಕಾಗದಪತ್ರಕ್ಕೂ.

ಮೈಮೇಲಿನ ಬಟ್ಟೆಗೆ ಹತ್ತಿದರೆ ಓಡಿದಷ್ಟೂ ಉರಿ ಹೆಚ್ಚು. ನೆಲಕ್ಕೆ ಬಿದ್ದು ಹೊರಳಬೇಕು, ಹತ್ತಿರದವರು ದಪ್ಪ ಹತ್ತಿಯ ಜಮಖಾನೆಯೋ ಕೌದಿಯೋ ಸುತ್ತಿ ಅದುಮಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು. ಬಳೆ, ಉಂಗುರ ಊದಿಕೊಳ್ಳುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಅರಿಷಿಣ, ಬೆಣ್ಣೆ, ಶಾಯಿ, ಬರ್ಫ ಏನೂ ಬೇಡ. ಅಂಟಿದ ಬಟ್ಟೆ ಕೀಳದೆ, ಶುಭ್ರ ಹತ್ತಿಬಟ್ಟೆ ಸಡಿಲವಾಗಿ ಹೊದಿಸಿ 108ಕ್ಕೆ ಕರೆ ಮಾಡಿ.

ಇದಕ್ಕೆಲ್ಲ ಮೊದಲು ಒಂದು ರಾತ್ರಿ ತಾಲೀಮು ಮಾಡಿ. ಕಳ್ಳರ ಭಯಕ್ಕೆ ಒಳಗಿನಿಂದ ಗೇಟಿಗೆ ಕೀಲಿ ಹಾಕುತ್ತೇವೆ, ಕೀಲಿಕೈ ಯಾರದೋ ದಿಂಬಿನ ಕೆಳಗೆ ಇರುತ್ತದೆ. ಬಾಗಿಲ ಪಕ್ಕ, ಕತ್ತಲಲ್ಲಿ ಕೈಗೆ ಸಿಗುವ ಎತ್ತರದಲ್ಲಿ ಒಂದು ಮೊಳೆ ಹೊಡೆದು ಅಲ್ಲೇ ತೂಗುಹಾಕಿ. ಅಜ್ಜಿಯನ್ನು ಯಾರು ಎಬ್ಬಿಸುವುದು, ಕೂಸನ್ನು ಯಾರು ಎತ್ತುವುದು, ಹೊರಗೆ ಎಲ್ಲಿ ಕೂಡುವುದು ಅಂತ ಹೆಸರು ಹಿಡಿದು ಹೇಳಿ. ನಮ್ಮದು ಎದುರಿನ ಬೇವಿನ ಗಿಡದ ಕಟ್ಟೆ. ಜಾತ್ರೆಗೆ ಬೀಗರು ಬಂದಾಗ ಪಡಸಾಲೆಯ ತುಂಬ ಹಾಸಿಗೆ ಬೀಳುತ್ತವೆ. ಬಾಗಿಲಿಗೆ ಹೋಗುವ ಒಂದು ದಾರಿ ಖಾಲಿ ಬಿಡಿ, ಬಂದವರಿಗೂ ಆ ಮೊಳೆ ತೋರಿಸಿ.

ಕೊನೆಯದು: ಕೀಲಿ ಹಾಕುವ ಮೊದಲು

ಹೊಲಕ್ಕೋ ಜಾತ್ರೆಗೋ ಹೊರಡುವ ದಿನ ಒಬ್ಬರು ಹತ್ತು ನಿಮಿಷ ಹಿಂದೆ ಉಳಿಯಬೇಕು. ಅವರ ಕೈಯಲ್ಲಿ ಬುತ್ತಿ, ಕೂಸು ಏನೂ ಇರಬಾರದು. ಹಾಸಿಗೆಯಿಂದ ಸುರುಮಾಡಿ: ರಾತ್ರಿ ಶೇಗಡಿಯ ಹತ್ತಿರವಿದ್ದ ಹೊದಿಕೆಯನ್ನೆಲ್ಲ ಬಿಡಿಸಿ, ಬೆಳಕಿಗೆ ಹಿಡಿದು, ಮೂಸಿ ನೋಡಿ, ಮಡಚದೆ ಹಗ್ಗದ ಮೇಲೆ ಹರವಿ. ಬಚ್ಚಲ ಒಲೆಗೆ ನೀರು. ರಾಡ್, ಇಸ್ತ್ರಿ, ಚಾರ್ಜರ್ ಪ್ಲಗ್ ಹೊರಗೆ. ಗ್ಯಾಸನ್ನು ಒಲೆಯಲ್ಲಷ್ಟೇ ಅಲ್ಲ, ರೆಗ್ಯುಲೇಟರಿನಲ್ಲೂ ಬಂದ್. ದೇವರಿಗೆ ಕೈಮುಗಿದು ಹಣತೆ ಶಾಂತ ಮಾಡಿ. ಎಲ್ಲ ಮುಗಿದ ಮೇಲೆ ನಡುಮನೆಯಲ್ಲಿ ನಿಂತು ಸುಮ್ಮನೆ ಎರಡು ಉಸಿರು ಎಳೆದುಕೊಳ್ಳಿ. ಸುಟ್ಟ ಬಟ್ಟೆಯ ವಾಸನೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ.

ಹೊರಗೆ ಬಂದು ಕೀಲಿ ಹಾಕಿದ ಮೇಲೆ ಇನ್ನೊಂದು ಕೀಲಿಕೈಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಮೇನ್ ಸ್ವಿಚ್ ಎಲ್ಲಿದೆ, ಸಿಲಿಂಡರ್ ಎಲ್ಲಿದೆ ಅಂತ ಹೇಳಿ ಹೋಗಿ. ನಮ್ಮ ಬಾಗಿಲು ಒಡೆದ ಆ ಮನೆಯವರ ಹತ್ತಿರ ಈಗ ನಮ್ಮದೊಂದು ಕೀಲಿಕೈ ಇದೆ, ನಮ್ಮ ಮೊಳೆಯ ಮೇಲೆ ಅವರದೊಂದು.